ಏಳು ದೇಶಗಳ ಪಟ್ಟಿಯನ್ನು ಬೀದಿ ಓದೋ ರೀತಿ

ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ಹಾಕಬಾರದು. ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮೊದಲ ತಿಂಗಳಲ್ಲೇ ಯಾರಾದರೂ ಸೀನಿಯರ್ ಇದನ್ನು ಕಿವಿ ಹಿಂಡಿ ಹೇಳಿಕೊಟ್ಟಿರ್ತಾರೆ. ಕಾರಣ ದೊಡ್ಡದೇನಲ್ಲ. ಏನಾದರೂ ಎಡವಟ್ಟಾದರೆ ಸರಿ ಮಾಡೋಕೆ ಶನಿವಾರ ಯಾರೂ ಇರಲ್ಲ, ಆದರೆ ಅದನ್ನು ಬಳಸೋ ಜನ ಶನಿವಾರವೂ ಇರ್ತಾರೆ.

2017ರ ಜನವರಿ 27 ಶುಕ್ರವಾರ. ಅಧಿಕಾರ ವಹಿಸಿಕೊಂಡು ಸರಿಯಾಗಿ ಒಂದು ವಾರ ಆಗಿದ್ದ ಡೊನಾಲ್ಡ್ ಟ್ರಂಪ್, ಸಂಜೆ ಹೊತ್ತಿಗೆ ಪೆಂಟಗನ್‌ನಲ್ಲಿ ಒಂದು ಆದೇಶಕ್ಕೆ ಸಹಿ ಹಾಕಿದರು. ಇರಾನ್, ಇರಾಕ್, ಲಿಬಿಯಾ, ಸೊಮಾಲಿಯಾ, ಸುಡಾನ್, ಸಿರಿಯಾ, ಯೆಮೆನ್. ಈ ಏಳು ದೇಶಗಳ ಪ್ರಜೆಗಳಿಗೆ 90 ದಿನ ಅಮೆರಿಕದ ಬಾಗಿಲು ಬಂದ್. ಯಾವ ದೇಶದವರೇ ಆಗಲಿ, ನಿರಾಶ್ರಿತರಿಗೆ 120 ದಿನ ಬಂದ್. ಸಿರಿಯಾದ ನಿರಾಶ್ರಿತರಿಗಂತೂ ಎಲ್ಲಿವರೆಗೆ ಅನ್ನೋ ಗಡುವೇ ಇಲ್ಲ. ಆ ವರ್ಷಕ್ಕೆ 1,10,000 ನಿರಾಶ್ರಿತರನ್ನು ತಗೊಳ್ತೀವಿ ಅಂತ ಹಿಂದಿನ ಸರ್ಕಾರ ಇಟ್ಟಿದ್ದ ಲೆಕ್ಕ 50,000ಕ್ಕೆ ಇಳೀತು. ಎಲ್ಲವೂ ತಕ್ಷಣದಿಂದಲೇ ಜಾರಿ.

ಹಾಗಾದರೆ ಆ ಹೊತ್ತಿಗೆ ವಿಮಾನದಲ್ಲಿ ಕೂತಿದ್ದವರ ಗತಿ? ಹತ್ತುವಾಗ ಅವರ ವೀಸಾ ಸರಿ ಇತ್ತು. ಇಳಿಯುವಾಗ ಇರಲಿಲ್ಲ. ಇರಾಕ್‌ನಲ್ಲಿ ಅಮೆರಿಕದ ಸೈನ್ಯಕ್ಕೇ ದುಭಾಷಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಒಬ್ಬರನ್ನು ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಹಿಡಿದಿಟ್ಟರು. ಗ್ರೀನ್ ಕಾರ್ಡ್ ಇದ್ದವರಿಗೂ, ಅಂದರೆ ಅಲ್ಲೇ ಮನೆ, ಕೆಲಸ, ಮಕ್ಕಳ ಸ್ಕೂಲು ಎಲ್ಲಾ ಇದ್ದವರಿಗೂ, ಇದು ಅನ್ವಯ ಆಗುತ್ತೆ ಅಂತ ಶನಿವಾರ ಹೇಳಿದರು. ಭಾನುವಾರ ಆ ಮಾತನ್ನು ಸಡಿಲ ಮಾಡಿದರು. ಕೌಂಟರಿನಲ್ಲಿ ಕೂತಿದ್ದ ಅಧಿಕಾರಿಗಳಿಗೇ ಯಾರನ್ನು ಬಿಡಬೇಕು, ಯಾರನ್ನು ತಡೀಬೇಕು ಅನ್ನೋದು ಸ್ಪಷ್ಟ ಇರಲಿಲ್ಲ. ವಕೀಲರು ನಿಲ್ದಾಣದ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತು ಅರ್ಜಿ ಬರೆದರು. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಸಂಘ, ಅದರಲ್ಲಿ ನಮ್ಮ ಉಪಖಂಡದವರೂ ಬೇಕಾದಷ್ಟಿದ್ದಾರೆ, ಶನಿವಾರ ಸಂಜೆ ಆರರಿಂದ ಏಳರವರೆಗೆ ಜೆಎಫ್‌ಕೆಯಿಂದ ಬಾಡಿಗೆ ಎತ್ತಲ್ಲ ಅಂತ ನಿಂತಿತು. ಆ ರಾತ್ರಿಯೇ ಆನ್ ಡೊನೆಲಿ ಅನ್ನೋ ನ್ಯಾಯಾಧೀಶೆ, ಬಂದಿಳಿದವರನ್ನು ವಾಪಸ್ ಕಳಿಸಬೇಡಿ ಅಂತ ತಡೆ ಕೊಟ್ಟರು. ಸೋಮವಾರ ಹಂಗಾಮಿ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್, ಈ ಆದೇಶವನ್ನು ಕೋರ್ಟಿನಲ್ಲಿ ಸಮರ್ಥಿಸಬೇಡಿ ಅಂತ ತಮ್ಮ ಇಲಾಖೆಗೆ ಹೇಳಿದರು. ಅವತ್ತೇ ಅವರ ಕೆಲಸ ಹೋಯ್ತು. ಫೆಬ್ರವರಿ 3ಕ್ಕೆ ಸಿಯಾಟಲ್‌ನ ನ್ಯಾಯಾಧೀಶ ಜೇಮ್ಸ್ ರೋಬಾರ್ಟ್ ಇಡೀ ದೇಶಕ್ಕೆ ಅನ್ವಯಿಸೋ ಹಾಗೆ ಆದೇಶಕ್ಕೆ ತಡೆ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರೋಲ್‌ಬ್ಯಾಕ್ ಮಾಡಿದ್ದು ಕೋಡ್ ಬರೆದವರಲ್ಲ, ಕೋರ್ಟು.

ಇದನ್ನೆಲ್ಲಾ ಬರೀ ಎಡವಟ್ಟು ಅಂತ ನಗಾಡಿ ಬಿಡಬಹುದು. ಆದರೆ ನನಗೆ ಮುಖ್ಯ ಅನ್ಸೋದು ಬೇರೆ. ಈ ಥರದ ಪಟ್ಟಿ ಒಂದು ಸರ್ಕಾರದ ಕಚೇರಿಯಿಂದ ಹೊರಗೆ ಬಂದ ಮೇಲೆ ಅದನ್ನು ಬರೀ ಅಧಿಕಾರಿಗಳು ಓದಲ್ಲ, ಬೀದಿಯೂ ಓದುತ್ತೆ. ಅಧಿಕಾರಿ ಪಾಸ್‌ಪೋರ್ಟ್ ನೋಡ್ತಾನೆ. ಬೀದಿ ಮುಖ ನೋಡುತ್ತೆ. ಜನಸಾಮಾನ್ಯರ ಭಯ ಹುಟ್ಟೋದು ಈ ಎರಡರ ಮಧ್ಯೆ ಇರೋ ಜಾಗದಲ್ಲಿ.

ಮೊದಲು ಪಟ್ಟಿಯನ್ನೇ ನೋಡೋಣ. ಯಾಕಂದ್ರೆ ಅದರ ಪರವಾಗಿ ಮಾತಾಡೋರ ವಾದವನ್ನ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ದೇಶ ಅಂದಮೇಲೆ ಗಡಿ ಇರುತ್ತೆ, ಒಳಗೆ ಬರೋರು ಯಾರು ಅಂತ ಕೇಳೋ ಹಕ್ಕೂ ಇರುತ್ತೆ. ನಮ್ಮೂರಿಗೆ ಹೊಸಬರು ಯಾರಾದ್ರೂ ಬಂದರೆ ನೀರು ಕೊಡ್ತಾ ಕೊಡ್ತಾನೇ ಕೇಳ್ತಾರೆ, “ಯಾವೂರಾಯ್ತು? ಯಾರ ಮನೆಗೆ ಬಂದ್ರಿ?” ಅಂತ. ಕೇಳೋದು ತಪ್ಪಲ್ಲ. ಅಮೆರಿಕವೂ ಕೇಳ್ತಾನೇ ಇತ್ತು. ನಿರಾಶ್ರಿತರೊಬ್ಬರು ಅಲ್ಲಿಗೆ ಬರಬೇಕಾದರೆ ವಿಶ್ವಸಂಸ್ಥೆಯ ನೋಂದಣಿ, ಅಮೆರಿಕದ ಹಲವು ಇಲಾಖೆಗಳ ತಪಾಸಣೆ, ಎದುರಾಎದುರು ಸಂದರ್ಶನ, ಬೆರಳಚ್ಚು, ಇಷ್ಟೆಲ್ಲಾ ಮುಗಿಯೋಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಹೊಸ ಸರ್ಕಾರ ಕೇಳೋ ಪ್ರಶ್ನೆಗಳನ್ನು ಇನ್ನೂ ಚುರುಕು ಮಾಡಿದ್ದರೆ ಯಾರೂ ತಕರಾರು ಮಾಡ್ತಿರಲಿಲ್ಲ. ಅದು ಪ್ರಶ್ನೆ ಕೇಳೋದನ್ನೇ ನಿಲ್ಲಿಸಿ, ಹುಟ್ಟಿದ ಊರನ್ನೇ ಉತ್ತರ ಅಂತ ಬರಕೊಂಡಿತು.

ಆ ಉತ್ತರ ಸರಿ ಇದೆಯಾ? ಆದೇಶದ ಮೊದಲ ಭಾಗದಲ್ಲೇ 2001ರ ಸೆಪ್ಟೆಂಬರ್ 11ರ ದಾಳಿಯ ಪ್ರಸ್ತಾಪ ಇದೆ. ಅವತ್ತು ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸೌದಿ ಅರೇಬಿಯಾದವರು, ಇಬ್ಬರು ಯುಎಇಯವರು, ಒಬ್ಬ ಈಜಿಪ್ಟಿನವನು, ಒಬ್ಬ ಲೆಬನಾನಿನವನು. ಈ ನಾಲ್ಕರಲ್ಲಿ ಒಂದು ದೇಶವೂ ಪಟ್ಟಿಯಲ್ಲಿಲ್ಲ. 2015ರಲ್ಲಿ ಸ್ಯಾನ್ ಬರ್ನಾರ್ಡಿನೋದಲ್ಲಿ ಗುಂಡು ಹಾರಿಸಿದ ದಂಪತಿಯಲ್ಲಿ ಗಂಡ ಅಮೆರಿಕದಲ್ಲೇ ಹುಟ್ಟಿದವನು, ಹೆಂಡತಿ ಪಾಕಿಸ್ತಾನದಲ್ಲಿ ಹುಟ್ಟಿದವಳು. 2016ರಲ್ಲಿ ಆರ್ಲ್ಯಾಂಡೋದ ನೈಟ್‌ಕ್ಲಬ್ಬಿನಲ್ಲಿ 49 ಜನರನ್ನು ಕೊಂದವನೂ ಅಮೆರಿಕದಲ್ಲಿ ಹುಟ್ಟಿದವನೇ. ಇನ್ನೊಂದು ಕಡೆಯನ್ನೂ ಹೇಳಬೇಕು. 2016ರ ನವೆಂಬರ್‌ನಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಾರು ನುಗ್ಗಿಸಿ, ಚಾಕು ಹಿಡಿದು ಹಲವರನ್ನು ಗಾಯಗೊಳಿಸಿದ ಹುಡುಗ ಸೊಮಾಲಿಯಾದಲ್ಲಿ ಹುಟ್ಟಿದವನು, ನಿರಾಶ್ರಿತನಾಗಿ ಬಂದವನು. ಇದು ನಿಜ, ಮುಚ್ಚಿಡೋ ಅಗತ್ಯ ಇಲ್ಲ. ಆದರೆ ಪಟ್ಟಿಯ ದೇಶಗಳಿಂದ ಬಂದವರು ಅಮೆರಿಕದ ನೆಲದಲ್ಲಿ ಭಯೋತ್ಪಾದಕ ದಾಳಿ ಮಾಡಿದ್ದಾರೆ ಅನ್ನೋದಕ್ಕೆ ಸರ್ಕಾರ ಸಾಕ್ಷಿ ಮುಂದಿಟ್ಟಿಲ್ಲ ಅಂತ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರು ಫೆಬ್ರವರಿ 9ರಂದು ಒಕ್ಕೊರಲಿನಿಂದ ಬರೆದರು. ಇಡೀ ಸರ್ಕಾರಿ ಯಂತ್ರ ಕೈಯಲ್ಲಿದ್ದೂ ಒಂದು ಕಡತ ತಂದು ತೋರಿಸೋಕೆ ಆಗಲಿಲ್ಲ ಅಂದ್ರೆ ಏನರ್ಥ?

“ಇದು ಒಬಾಮಾ ಮಾಡಿದ ಪಟ್ಟಿನೇ ಅಲ್ವಾ?” ಅನ್ನೋ ಮಾತೂ ಓಡಾಡ್ತಿತ್ತು. ಅರ್ಧ ನಿಜ. 2015ರ ಕಾನೂನಿನಲ್ಲಿ ನಾಲ್ಕು ದೇಶಗಳಿದ್ದವು, 2016ರಲ್ಲಿ ಇನ್ನು ಮೂರು ಸೇರಿದವು. ಆದರೆ ಆ ಕಾನೂನು ಹೇಳಿದ್ದಿಷ್ಟು: ವೀಸಾ ಇಲ್ಲದೇ ಅಮೆರಿಕಕ್ಕೆ ಬರೋ ಸೌಲಭ್ಯ ಇರೋ ಯುರೋಪಿನವರಂಥವರು ಈ ದೇಶಗಳಿಗೆ ಹೋಗಿಬಂದಿದ್ದರೆ, ಅವರೂ ವೀಸಾಗೆ ಅರ್ಜಿ ಹಾಕಿ ಸಂದರ್ಶನಕ್ಕೆ ಬರಬೇಕು. ಅಂದ್ರೆ ಬಾಗಿಲಲ್ಲಿ ಇನ್ನೊಂದು ಪ್ರಶ್ನೆ ಹೆಚ್ಚಾಯ್ತು. 2017ರದು ಬಾಗಿಲನ್ನೇ ಹಾಕಿತು. ಎರಡನ್ನೂ ಒಂದೇ ಅನ್ನೋದು, ಪಾಸ್‌ವರ್ಡ್ ಕೇಳೋದೂ ಅಕೌಂಟ್ ಡಿಲೀಟ್ ಮಾಡೋದೂ ಒಂದೇ ಅಂದಹಾಗೆ.

ದೇಶದ ಹೆಸರಿನ ಮೇಲೆ ಜನರನ್ನು ಸೋಸೋ ಪ್ರಯೋಗ ಅಮೆರಿಕದಲ್ಲಿ ಹಿಂದೆಯೂ ಆಗಿತ್ತು. 2002ರಲ್ಲಿ 25 ದೇಶಗಳಿಂದ ಬಂದಿದ್ದ, 16 ವರ್ಷ ದಾಟಿದ ಗಂಡಸರು ಕಚೇರಿಗೆ ಹೋಗಿ ಹೆಸರು, ಫೋಟೋ, ಬೆರಳಚ್ಚು ಕೊಟ್ಟು ನೋಂದಾಯಿಸಬೇಕು ಅಂತ ನಿಯಮ ಮಾಡಿದರು. ಒಂದನ್ನು ಬಿಟ್ಟರೆ ಉಳಿದವೆಲ್ಲಾ ಮುಸ್ಲಿಮರು ಹೆಚ್ಚಿರೋ ದೇಶಗಳು. 80,000ಕ್ಕೂ ಹೆಚ್ಚು ಜನ ತಾವಾಗೇ ಹೋಗಿ ಸಾಲಲ್ಲಿ ನಿಂತರು. ಅವರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಮೇಲೆ, ವೀಸಾದಲ್ಲಿ ಸಿಕ್ಕ ಒಂದಲ್ಲ ಒಂದು ದೋಷಕ್ಕೆ, ಗಡೀಪಾರಿನ ಕೇಸು ಹಾಕಿದರು. ಭಯೋತ್ಪಾದನೆ ಆರೋಪ ಸಾಬೀತಾಗಿದ್ದು? ಸೊನ್ನೆ. ಕಾನೂನಿಗೆ ಮರ್ಯಾದೆ ಕೊಟ್ಟು ಬಂದವರು ಸಿಕ್ಕಿಬಿದ್ದರು. ಕೇಡು ಮಾಡೋಕೆ ಹೊರಟವನು ಆ ಸಾಲಿಗೆ ಬಂದು ಯಾಕೆ ನಿಲ್ತಾನೆ?

ಅಂದಮೇಲೆ ಈ ಏಳು ಹೆಸರು ಯಾಕೆ? 2015ರ ಡಿಸೆಂಬರ್‌ನಲ್ಲೇ ಟ್ರಂಪ್, ಮುಸ್ಲಿಮರು ಅಮೆರಿಕದೊಳಗೆ ಬರೋದನ್ನೇ ಪೂರ್ತಿ ನಿಲ್ಲಿಸಬೇಕು ಅಂತ ಲಿಖಿತ ಹೇಳಿಕೆ ಕೊಟ್ಟಿದ್ದರು. ಆದೇಶ ಬಂದ ಮಾರನೇ ದಿನವೇ ಅವರ ಆಪ್ತ ರೂಡಿ ಜೂಲಿಯಾನಿ ಟಿವಿಯಲ್ಲಿ ಕೂತು, ಮುಸ್ಲಿಂ ನಿಷೇಧವನ್ನು ಕಾನೂನಿನ ಚೌಕಟ್ಟಿನೊಳಗೆ ಹೇಗೆ ಮಾಡಬಹುದು ಅಂತ ತಮ್ಮನ್ನು ಕೇಳಿದ್ದರು ಅನ್ನೋದನ್ನ ತಾವೇ ಹೇಳಿಬಿಟ್ಟರು. ಇದಾದ ಮೇಲೆ “ಇದು ಧರ್ಮದ ಪ್ರಶ್ನೆ ಅಲ್ಲ, ಭದ್ರತೆಯ ಪ್ರಶ್ನೆ” ಅನ್ನೋದನ್ನ ನಂಬೋದು ಸ್ವಲ್ಪ ಕಷ್ಟ.

ಸರ್ಕಾರ ಕೊಟ್ಟ ಇನ್ನೊಂದು ಸಮಾಧಾನ ಅಂಕಿಗಳದ್ದು. 3,25,000 ಪ್ರಯಾಣಿಕರಲ್ಲಿ ತೊಂದರೆ ಆಗಿದ್ದು ಬರೀ 109 ಜನಕ್ಕೆ ಅಂತ ಟ್ವೀಟ್ ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ ತೋರಿಸಬೇಕಾದರೆ ಏನು ಮಾಡಬೇಕು ಅಂತ ನಮಗೆಲ್ಲಾ ಗೊತ್ತು: ಲೆಕ್ಕ ಹಾಕೋ ಕಿಟಕಿಯನ್ನ ಚಿಕ್ಕದು ಮಾಡಬೇಕು. 109 ಅನ್ನೋದು ಮೊದಲ ದಿನ ನಿಲ್ದಾಣದಲ್ಲಿ ಸಿಕ್ಕಿಕೊಂಡವರ ಸಂಖ್ಯೆ. ರದ್ದಾದ ವೀಸಾಗಳೆಷ್ಟು? ವಿದೇಶಾಂಗ ಇಲಾಖೆ ಸುಮಾರು 60,000 ಅಂತು. ಕೋರ್ಟಿನಲ್ಲಿ ಸರ್ಕಾರದ ವಕೀಲರು ಒಂದು ಲಕ್ಷಕ್ಕೂ ಹೆಚ್ಚು ಅಂದರು. ಎರಡೂ ಸರ್ಕಾರದ್ದೇ ಬಾಯಿ. ವಿಮಾನ ಹತ್ತದೇ ಟೆಹರಾನ್‌ನಲ್ಲೋ ಖಾರ್ಟೂಮ್‌ನಲ್ಲೋ ಉಳಿದುಹೋದ ವಿದ್ಯಾರ್ಥಿ ಆ 109ರಲ್ಲಿ ಬರಲ್ಲ.

ಮುನ್ಸೂಚನೆ ಯಾಕೆ ಕೊಡಲಿಲ್ಲ ಅಂದ್ರೆ, ಒಂದು ವಾರ ಮುಂಚೆ ಹೇಳಿದ್ದರೆ ಕೆಟ್ಟವರೆಲ್ಲಾ ಆ ವಾರದಲ್ಲೇ ನುಗ್ಗಿಬಿಡ್ತಿದ್ದರು ಅಂತ ಅಧ್ಯಕ್ಷರೇ ಟ್ವೀಟ್ ಮಾಡಿದರು. ಮಾರ್ಚ್ 6ಕ್ಕೆ ಎರಡನೇ ಆದೇಶ ಬಂತು. ಇರಾಕ್ ಹೆಸರು ತೆಗೆದರು, ವೀಸಾ ಮತ್ತು ಗ್ರೀನ್ ಕಾರ್ಡ್ ಇದ್ದವರನ್ನು ಬಿಟ್ಟರು, ಜಾರಿಗೆ ಮಾರ್ಚ್ 16ರವರೆಗೆ ಸಮಯ ಕೊಟ್ಟರು. ಹತ್ತು ದಿನ! ಜನವರಿಯಲ್ಲಿ ಒಂದು ವಾರವೂ ಅಪಾಯ ಅಂದಿದ್ದವರು ಮಾರ್ಚ್‌ನಲ್ಲಿ ಹತ್ತು ದಿನ ಕೊಟ್ಟರು ಅಂದ್ರೆ, ಮೊದಲ ಸಲ ವಿಮಾನದಲ್ಲಿದ್ದವರಿಗೆ ಕೊಟ್ಟ ಹಿಂಸೆಗೆ ಭದ್ರತೆಯ ಕಾರಣ ಇರಲಿಲ್ಲ ಅಂತಾಯ್ತು. 2017ರ ಮಾರ್ಚ್‌ನಲ್ಲೇ ಹವಾಯಿಯ ನ್ಯಾಯಾಧೀಶ ಡೆರಿಕ್ ವಾಟ್ಸನ್ ಎರಡನೆಯದಕ್ಕೂ ತಡೆ ಕೊಟ್ಟರು.

ಸರಿ, ಇಲ್ಲಿವರೆಗಿನದು ಕಾಗದದ ಮೇಲಿನ ಪಟ್ಟಿಯ ಕಥೆ. ಈಗ ಬೀದಿಗೆ ಬರೋಣ.

ನಮ್ಮ ಬಿಇ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಜನವರಿ ಕೊನೆಯಲ್ಲಿ ಇದೇ ಚರ್ಚೆ. ಗ್ರೂಪಿನ ಕಾಲು ಭಾಗ ಅಮೆರಿಕದಲ್ಲಿದೆ. “ಏಳು ದೇಶ ತಾನೇ ಮಗಾ, ನಮ್ದಿಲ್ವಲ್ಲ” ಅಂತ ಒಬ್ಬ ಹಾಕಿದ. ಹೆಬ್ಬೆರಳುಗಳು ಸಾಲಾಗಿ ಬಿದ್ದವು. ಇನ್ನೊಬ್ಬ, “ನಾವು ಟ್ಯಾಕ್ಸ್ ಕಟ್ಟಿಕೊಂಡು, ಲೈನಲ್ಲಿ ನಿಂತು, ಕಾನೂನು ಪ್ರಕಾರ ಬಂದಿರೋರು. ನಮಗ್ಯಾಕೆ ಭಯ?” ಅಂದ. ಆ ಹೊತ್ತಿಗೆ ಅದು ಸರಿಯಾದ ಮಾತಿನ ಹಾಗೇ ಕೇಳಿಸ್ತು.

ಫೆಬ್ರವರಿ 22, ಬುಧವಾರ. ಕ್ಯಾನ್ಸಸ್ ರಾಜ್ಯದ ಒಲೇಥ ಊರು. ಗಾರ್ಮಿನ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಇಬ್ಬರು ಗೆಳೆಯರು, ಇಬ್ಬರೂ ಪಕ್ಕದ ತೆಲಂಗಾಣದವರು, ಕೆಲಸ ಮುಗಿಸಿ ಮಾಮೂಲಿ ಹೋಗೋ ಬಾರಿಗೆ ಹೋಗಿದ್ದರು. ನಮ್ಮಲ್ಲಿ ಯಾರಾದ್ರೂ ಆಗಿರಬಹುದಿತ್ತು. ಒಬ್ಬ ಬಿಳಿಯ ಗಂಡಸು ಅವರ ಹತ್ತಿರ ಬಂದು ನೀವು ಯಾವ ವೀಸಾದಲ್ಲಿದ್ದೀರಿ, ಅಕ್ರಮವಾಗಿ ಬಂದಿದ್ದೀರಾ ಅಂತ ತಗಾದೆ ತೆಗೆದ. ಅವನನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಬಂದೂಕು ಹಿಡಿದು ವಾಪಸ್ ಬಂದ. ನನ್ನ ದೇಶ ಬಿಟ್ಟು ಹೋಗಿ ಅಂತ ಕೂಗುತ್ತಾ ಗುಂಡು ಹಾರಿಸಿದ. ಒಬ್ಬರು ಸತ್ತರು, ವಯಸ್ಸು 32. ಇನ್ನೊಬ್ಬರು ಗಾಯಗೊಂಡು ಬದುಕಿದರು. ತಡೆಯೋಕೆ ಹೋದ 24 ವರ್ಷದ ಅಮೆರಿಕದ ಹುಡುಗನಿಗೂ ಗುಂಡು ಬಿತ್ತು. ಕೊಂದವನು ಅಲ್ಲಿಂದ ಪಕ್ಕದ ಮಿಸೌರಿ ರಾಜ್ಯಕ್ಕೆ ಓಡಿ, ಇನ್ನೊಂದು ಹೋಟೆಲಲ್ಲಿ ಅಡಗೋಕೆ ಜಾಗ ಕೇಳಿದ. ಅಲ್ಲಿನ ಕೆಲಸದವರಿಗೆ ಅವನು ಹೇಳಿದ್ದು ಏನು ಗೊತ್ತಾ? ತಾನು ಇಬ್ಬರು ಇರಾನಿಯರನ್ನು ಕೊಂದಿದ್ದೀನಿ ಅಂತ.

ಇರಾನಿಯರು. ಪಟ್ಟಿಯಲ್ಲಿದ್ದ ಹೆಸರು.

ಸರ್ಕಾರದ ಮಾತಿಗೂ ಈ ಕೊಲೆಗೂ ಸಂಬಂಧ ಕಟ್ಟೋದು ಅಸಂಬದ್ಧ ಅಂತ ಶ್ವೇತಭವನದ ವಕ್ತಾರ ಶಾನ್ ಸ್ಪೈಸರ್ ಹೇಳಿದರು. ಆದೇಶವೇ ಬಂದೂಕು ಹಿಡೀತು ಅಂತ ನಾನೂ ಹೇಳ್ತಿಲ್ಲ. ಅಂಥವರು ಎಲ್ಲಾ ಕಾಲದಲ್ಲೂ ಇರ್ತಾರೆ. 2001ರಲ್ಲಿ ದಾಳಿ ಆಗಿ ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಸಿಖ್ಖರೊಬ್ಬರನ್ನು ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದಿದ್ದರು, ಪೇಟ ಮತ್ತು ಗಡ್ಡ ನೋಡಿ. 2017ರ ಮಾರ್ಚ್ 3ರಂದು ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ ಇನ್ನೊಬ್ಬ ಸಿಖ್ಖರಿಗೆ, ಅವರ ಮನೆ ಮುಂದೆಯೇ, ನಿನ್ನ ದೇಶಕ್ಕೆ ಹೋಗು ಅಂತ ಹೇಳಿ ಗುಂಡು ಹಾರಿಸಿದರು. ಅವರು ಅಮೆರಿಕದ ಪ್ರಜೆ. ಅವರ ದೇಶ ಅದೇ.

ಆದರೆ ಒಂದು ಸರ್ಕಾರ ಅತಿ ದೊಡ್ಡ ಮೈಕಿನಲ್ಲಿ, ಈ ಹೆಸರಿನವರು ಅಪಾಯ ಅಂತ ಕಾರಣ ತೋರಿಸದೇ ಹೇಳಿದಾಗ, ಕೇಳಿಸಿಕೊಳ್ಳೋರಲ್ಲಿ ಇಂಥವನೂ ಇರ್ತಾನೆ. ಅವನ ಹತ್ತಿರ ಬಾರ್‌ಕೋಡ್ ಓದೋ ಯಂತ್ರ ಇರಲ್ಲ. ಇರಾನಿನವನು ಹೇಗಿರ್ತಾನೆ, ಹೈದರಾಬಾದಿನವನು ಹೇಗಿರ್ತಾನೆ ಅವನಿಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಕಂದು ಬಣ್ಣ, ಬೇರೆ ಭಾಷೆ, ಗೊತ್ತಿಲ್ಲದ ಹೆಸರು. ಅವನ ಪಟ್ಟಿ ಇಷ್ಟೇ. ಏಳು ದೇಶದ ಪಟ್ಟಿ ಬೀದಿಗೆ ಬರೋ ಹೊತ್ತಿಗೆ ಎಪ್ಪತ್ತು ದೇಶದ ಪಟ್ಟಿ ಆಗಿರುತ್ತೆ. “ನಮ್ದಿಲ್ವಲ್ಲ” ಅನ್ನೋ ಸಮಾಧಾನ ಕಾಗದದ ಮೇಲೆ ಮಾತ್ರ.

ಪ್ರಜೆಗಳಾದವರೂ ಹೊರಗುಳಿಯಲ್ಲ. ಅದೇ ಫೆಬ್ರವರಿ 22ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಬಂದ ಒಂದು ವಿಮಾನದ ಬಾಗಿಲಲ್ಲಿ ಗಡಿ ಇಲಾಖೆಯ ಅಧಿಕಾರಿಗಳು ನಿಂತು ಇಳಿಯೋರ ಗುರುತಿನ ಚೀಟಿ ನೋಡಿದರು. ದೇಶದೊಳಗಿನ ವಿಮಾನ ಅದು, ಬೆಂಗಳೂರಿಂದ ದಿಲ್ಲಿಗೆ ಹೋದಹಾಗೆ. ಗಡೀಪಾರಿನ ಆದೇಶ ಇದ್ದ ಒಬ್ಬನನ್ನು ಹುಡುಕ್ತಿದ್ದರಂತೆ, ಅವನು ಆ ವಿಮಾನದಲ್ಲಿ ಇರಲೇ ಇಲ್ಲ. ಜನವರಿ ಕೊನೆಯಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬಿನ ಒಬ್ಬ ಇಂಜಿನಿಯರ್ ಚಿಲಿ ದೇಶದಿಂದ ವಾಪಸ್ ಬಂದಾಗ ಹ್ಯೂಸ್ಟನ್‌ನಲ್ಲಿ ತಡೆದು, ಫೋನಿನ ಪಿನ್ ಕೊಡು ಅಂದರು. ಫೋನ್ ನಾಸಾ ಕೊಟ್ಟಿದ್ದು. ಆತ ಅಮೆರಿಕದಲ್ಲೇ ಹುಟ್ಟಿದವರು, ಹೆಸರು ಮಾತ್ರ ನಮ್ಮ ಕಡೆಯದು. ಮುಂಚೆಯೇ ಸರ್ಕಾರದ ತಪಾಸಣೆಗೆ ಒಳಗಾಗಿ, ನಂಬಿಕಸ್ಥ ಪ್ರಯಾಣಿಕ ಅಂತ ನೋಂದಣಿ ಮಾಡಿಸಿಕೊಂಡಿದ್ದವರು. ಗಡಿಯಲ್ಲಿ ಫೋನ್ ತಪಾಸಣೆ ಆ ಸರ್ಕಾರ ಹುಟ್ಟುಹಾಕಿದ್ದಲ್ಲ, ಮೊದಲೂ ಇತ್ತು. ಆದರೆ ಹೊಸ ಗಾಳಿ ಬೀಸಿದ ಮೇಲೆ ಅದೇ ಅಧಿಕಾರದ ತೂಕ ಬೇರೆ ಥರ ಬೀಳುತ್ತೆ. ಆಫೀಸಿನ ಲ್ಯಾಪ್‌ಟಾಪ್ ಹಿಡಿದು ಕ್ಲೈಂಟ್ ಹತ್ತಿರ ಹೋಗೋ ನಮಗೆ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ನಮ್ಮ ಉದ್ಯಮದ ನಡೆಯ ಬಗ್ಗೆಯೂ ಒಂದು ಮಾತು. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಸೇರಿ 97 ಕಂಪನಿಗಳು ಮೊದಲ ಆದೇಶದ ವಿರುದ್ಧ ಕೋರ್ಟಿಗೆ ಅಭಿಪ್ರಾಯ ಸಲ್ಲಿಸಿದವು. ಮೆಚ್ಚಬೇಕಾದ್ದೇ. ಆದರೆ ಆ ವಾದದ ದೊಡ್ಡ ಭಾಗ, ವಲಸಿಗರು ಕಂಪನಿ ಕಟ್ತಾರೆ, ಹೊಸದನ್ನು ಕಂಡುಹಿಡೀತಾರೆ, ಆರ್ಥಿಕತೆಗೆ ಒಳ್ಳೇದು ಅನ್ನೋದು. ನಿಜವೇ. ಆದರೆ ಉಪಯೋಗಕ್ಕೆ ಬರ್ತೀವಿ, ಅದಕ್ಕೇ ಇರೋಕೆ ಬಿಡಿ ಅನ್ನೋ ವಾದದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತೆ: ಉಪಯೋಗಕ್ಕೆ ಬರದವರು? ಸಿರಿಯಾದ ಹೊಲಿಗೆಯವಳು ಯಾವ ಸ್ಟಾರ್ಟಪ್ಪೂ ಕಟ್ಟಲ್ಲ. ಅವಳಿಗೆ ಜೀವ ಉಳಿಸಿಕೊಳ್ಳಬೇಕು, ಅಷ್ಟೇ. ಉಪಯೋಗದ ತಕ್ಕಡಿಯಲ್ಲಿ ಅವಳನ್ನು ಕೆಳಗಿಟ್ಟವರನ್ನು ನಾಳೆ ಇನ್ಯಾರೋ ಅದೇ ತಕ್ಕಡಿಯಲ್ಲಿ ತೂಗ್ತಾರೆ. 2017ರ ಮಾರ್ಚ್ 3ಕ್ಕೆ ಎಚ್‌1ಬಿ ಅರ್ಜಿಗಳ ಪ್ರೀಮಿಯಂ ಪ್ರಕ್ರಿಯೆಯನ್ನು ಏಪ್ರಿಲ್ 3ರಿಂದ ನಿಲ್ಲಿಸ್ತೀವಿ ಅಂತ ಪ್ರಕಟಣೆ ಬಂತು, ಆರು ತಿಂಗಳವರೆಗೂ ಹೋಗಬಹುದು ಅಂದರು. 1,225 ಡಾಲರ್ ಹೆಚ್ಚಿಗೆ ಕಟ್ಟಿ 15 ದಿನದಲ್ಲಿ ಉತ್ತರ ಪಡೀತಿದ್ದವರು ತಿಂಗಳುಗಟ್ಟಲೆ ಕಾಯಬೇಕಾಯ್ತು. ಇದೇನು ನಿಷೇಧ ಆಗಿರಲಿಲ್ಲ, ಕೆಲಸದ ಒತ್ತಡದ ಕಾರಣ ಕೊಟ್ಟಿದ್ದರು, ಇರಬಹುದು. ಆದರೆ ಗ್ರೂಪಿನಲ್ಲಿ ಆಗ ಹೆಬ್ಬೆರಳು ಕಾಣಿಸಲಿಲ್ಲ.

ಕ್ಯಾನ್ಸಸ್‌ನಲ್ಲಿ ತೀರಿಕೊಂಡವರ ಹೆಂಡತಿ, ನಾವು ಈ ದೇಶಕ್ಕೆ ಸೇರಿದವರಾ ಅಂತ ಕೇಳಿದರು. ಅವರು ಅಲ್ಲಿದ್ದದ್ದೇ ಗಂಡನ ವೀಸಾದ ಆಧಾರದ ಮೇಲೆ. ಗಂಡ ಹೋದ ದಿನವೇ ಆ ಆಧಾರವೂ ಹೋಯ್ತು. ಬೀದಿ ಒಂದು ಕಡೆಯಿಂದ, ಕಾಗದ ಇನ್ನೊಂದು ಕಡೆಯಿಂದ.

ಆ ಘಟನೆ ಆದಮೇಲೆ ಅಲ್ಲಿನ ಒಂದು ತೆಲುಗು ಸಂಘ, ಹೊರಗಡೆ ಇದ್ದಾಗ ಮಾತೃಭಾಷೆಯಲ್ಲಿ ಮಾತಾಡಬೇಡಿ, ಯಾರ ಜೊತೆಗೂ ವಾದಕ್ಕೆ ಇಳೀಬೇಡಿ ಅಂತ ಸಲಹೆ ಕೊಟ್ಟ ಸುದ್ದಿ ಬಂತು. ನ್ಯೂಜೆರ್ಸಿಯಲ್ಲಿರೋ ನನ್ನ ಗೆಳೆಯನೊಬ್ಬ ಇದನ್ನ ಆಗಲೇ ಪಾಲಿಸ್ತಿದ್ದಾನೆ. ಊರಿಂದ ಅವನ ಅಮ್ಮ ಫೋನ್ ಮಾಡಿದಾಗ ಅಂಗಡಿಯೊಳಗಿದ್ದರೆ ಎತ್ತಲ್ಲ. ಆಮೇಲೆ ಕಾರಿಗೆ ಬಂದು, ಗಾಜು ಏರಿಸಿ, “ಹೇಳಮ್ಮ” ಅಂತಾನೆ. ಅವರಿಗೆ ಮಗ ಬಿಜಿ ಅಂತಷ್ಟೇ ಗೊತ್ತು. ಭದ್ರತೆಯ ನೀತಿ ಅಂದ್ರೆ ಜನರನ್ನು ನಿರ್ಭಯವಾಗಿ ಇಡೋದು ತಾನೇ? ಹಾಗಾದ್ರೆ ಕನ್ನಡದಲ್ಲಿ ಅಮ್ಮನ ಹತ್ರ ಮಾತಾಡೋಕೆ ಗಾಜು ಏರಿಸಬೇಕಾದವನ ಭಯ ಯಾವ ಲೆಕ್ಕಕ್ಕೆ ಬರುತ್ತೆ? 109ರಲ್ಲಂತೂ ಇಲ್ಲ.

ಇಷ್ಟು ಓದಿ, ಅಮೆರಿಕದವರು ಹೀಗೇ ಅಂತ ತಲೆ ಅಲ್ಲಾಡಿಸೋ ಮುಂಚೆ ನಮ್ಮ ಹಿತ್ತಲನ್ನೂ ಒಮ್ಮೆ ನೋಡಬೇಕು. ಬೀದಿ ಓದೋ ರೀತಿ ಎಲ್ಲಾ ಕಡೆ ಒಂದೇ. 2016ರ ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟ ರಸ್ತೆ. ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸ್ತಿದ್ದ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹೊರಗೆಳೆದು ಹೊಡೆದರು, ಕಾರಿಗೆ ಬೆಂಕಿ ಇಟ್ಟರು. ಆ ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಒಲೇಥದ ಬಾರಿನಲ್ಲಿ ಹೈದರಾಬಾದಿನವನು ಇರಾನಿನವನಾದ. ಹೆಸರಘಟ್ಟದಲ್ಲಿ ತಾಂಜಾನಿಯಾದವಳು ಸುಡಾನಿನವಳಾದಳು. ಓದಿದ ಕಣ್ಣು ಒಂದೇ ಥರದ್ದು. ನಮಗೆ ಸರ್ಕಾರಿ ಪಟ್ಟಿಯೂ ಬೇಕಾಗಲಿಲ್ಲ. ಇನ್ನು ಪಟ್ಟಿಯೂ ಸಿಕ್ಕರೆ?

ಹಾಗಾದರೆ ಭದ್ರತೆ ಬೇಡವಾ ಅಂತ ಕೇಳಿದರೆ, ಬೇಕು. ವ್ಯಕ್ತಿಯನ್ನು ಪರೀಕ್ಷಿಸಿ, ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿ. ನಿಯಮ ಬದಲಾಯಿಸೋದಾದರೆ ಮುಂದೆ ಅರ್ಜಿ ಹಾಕೋರಿಗೆ ಬದಲಾಯಿಸಿ, ಆಗಲೇ ವಿಮಾನ ಹತ್ತಿದವರಿಗಲ್ಲ. ಕಾರಣ ಕೊಡಿ, ಕೇಳಿದಾಗ ಸಾಕ್ಷಿ ಕೊಡಿ. ತಪ್ಪಾದರೆ ಕೇಳೋಕೆ ಒಂದು ಬಾಗಿಲು ಇರಲಿ. ಇದರಲ್ಲಿ ಯಾವುದೂ ಮೆದು ಧೋರಣೆ ಅಲ್ಲ. ಒಳ್ಳೆ ಸಿಸ್ಟಮ್ ಹೀಗೇ ಕೆಲಸ ಮಾಡೋದು. ಇಷ್ಟೆಲ್ಲಾ ಬಿಟ್ಟು ದೇಶದ ಹೆಸರು ಬರೆದು ನೇತುಹಾಕೋದು ಸುಲಭ, ಟಿವಿಯಲ್ಲೂ ಚೆನ್ನಾಗಿ ಕಾಣುತ್ತೆ. ಆದರೆ ಅದರ ಬಿಲ್ಲನ್ನು ಕಟ್ಟೋರು ಪಟ್ಟಿಯಲ್ಲಿ ಹೆಸರೇ ಇಲ್ಲದವರು.

ನಮ್ಮೂರ ಕಡೆ ಕಾಫಿ ತೋಟಗಳಿಗೆ ಕೆಲವು ವರ್ಷಗಳಿಂದ ಅಸ್ಸಾಮಿನಿಂದ ಕೆಲಸಕ್ಕೆ ಬರ್ತಾರೆ. ಗಂಡ, ಹೆಂಡತಿ, ಮಕ್ಕಳು ಸಮೇತ. ಊರಲ್ಲಿ ಅವರನ್ನು ಕರೆಯೋದು “ಬಾಂಗ್ಲಾದವರು” ಅಂತ. ಯಾರೂ ದ್ವೇಷದಿಂದ ಕರೀತಾರೆ ಅಂತಲ್ಲ, ಹಾಗೇ ಬಾಯಿಗೆ ಬಂದುಬಿಟ್ಟಿದೆ. ಕಳೆದ ಸಲ ಊರಿಗೆ ಹೋದಾಗ ಅವರಲ್ಲಿ ಒಬ್ಬನ ಹತ್ತಿರ ಸುಮ್ಮನೆ, “ಯಾವೂರಪ್ಪ ನಿಂದು?” ಅಂತ ಹರಕು ಹಿಂದಿಯಲ್ಲಿ ಕೇಳಿದೆ. ಅವನು ಊರಿನ ಹೆಸರು ಹೇಳಲಿಲ್ಲ. ಅಂಗಿ ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ವೋಟರ್ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟ. ನಾನು ಕಾರ್ಡ್ ಕೇಳಿರಲಿಲ್ಲ. ನಮ್ಮೂರಲ್ಲಿ ಆ ಪ್ರಶ್ನೆಗೆ ಅರ್ಥ ಇದು ಅಂತ ಅವನಿಗೆ ಯಾರೋ ಯಾವತ್ತೋ ಕಲಿಸಿಬಿಟ್ಟಿದ್ದಾರೆ.